ಅರ್ಧ ನೇಯ್ದ ಸೀರೆ

ಗೆಳತಿಯರೇ, ಇಂದು ಮುಂಜಾನೆ ಹಳೆಯ ಶಾಸಕರು ವೋಟು ಕೇಳಲು ನಮ್ಮ ಇಳಕಲ್ಲಿನ ಓಣಿಗೆ ಬಂದಿದ್ದರು. ನೇಕಾರರಿಗೆ ಪುಕ್ಕಟೆ ಆಪರೇಷನ್ ಮಾಡಿಸುವ ಕಾಯ್ದೆ ತರುತ್ತೇವೆ ಎಂದು ಹೋದ ವರ್ಷ ಹೇಳಿದವರು ಇವರೇ. ಎದೆಯ ಆಪರೇಷನ್ ಆಗಬೇಕಾದ ನನ್ನ ಸೊಸೆ ಅದನ್ನೇ ನಂಬಿ ಕಾಯುತ್ತಿದ್ದಾಳೆ.

"ಕಾಯ್ದೆ ಎಲ್ಲಿಗಿ ಬಂತ್ರಿ?" ಎಂದೆ.

"ವಿಧಾನಸಭಾ ವಿಸರ್ಜನ ಆತು ಯವ್ವಾ. ಸಭಾದಾಗ ಅರ್ಧಕ್ಕ ನಿಂತಿದ್ದ ಮಸೂದಿ ಬಿದ್ದುಹೋತು. ಗೆದ್ದ ಮ್ಯಾಲ ಮತ್ತ ಮೊದಲಿಂದ ಸುರು ಮಾಡ್ತೇವಿ."

"ಮಗ್ಗಕ್ಕ ಕುಂತಾಂವ ಬದಲಾದ್ರ ಅರ್ಧ ನೇದ ಸೀರಿ ಯಾರೂ ಕತ್ತರಿಸಿ ಒಗಿಯಂಗಿಲ್ರಿ. ಹೊಸಬ ಅಲ್ಲಿಂದನ ಮುಂದ ನೇಯ್ತಾನ."

ಅವರು ಕೈಮುಗಿದು ಮುಂದಿನ ಮನೆಗೆ ಹೋದರು. ಒಳಗೆ ಮಲಗಿದ್ದ ಸೊಸೆಯ ಎದೆಗೂ, ಹೊಸ ಸಭೆ ಕೂಡುವ ತನಕ ತಡಿ ಎಂದು ಅವರೇ ಕೈಮುಗಿದು ಹೇಳಿ ಹೋಗಬೇಕಿತ್ತು.