ದೊಡ್ಡಮ್ಮನ ಶಾಲೆಯ ರಜಾ ಅರ್ಜಿಗಳು

ತೊಂಡೆ ಸೊಪ್ಪನ್ನು ಇದ್ದಿಲ ಪುಡಿಯ ಜೊತೆ ಅರೆದಾಗ ಒಂದು ವಾಸನೆ ಬರುತ್ತದೆ. ಹಸಿ ಹಸಿ, ಕೊಂಚ ಒಗರು, ತಣ್ಣೀರು ಚೆಲ್ಲಿದ ಒಲೆಯ ಹಾಗೆ. ಕೈಯಾರೆ ಕರಿಹಲಗೆಗೆ ಕಪ್ಪು ಬಳಿದವರಿಗೆ ಅದನ್ನು ಹೇಳಬೇಕಾಗಿಲ್ಲ. ಬಿಳಿ ಬೋರ್ಡು ಬಂದ ಮೇಲೆ ಹುಟ್ಟಿದವರಿಗೆ ಹೇಳಿ ಪ್ರಯೋಜನವಿಲ್ಲ. ನಾನು ಪಾಠ ಮಾಡುವ ಶಾಲೆಯಲ್ಲಿ ಬೋರ್ಡು ಸವೆದು ಸವೆದು ಅಕ್ಷರವೇ ಕಾಣದಂತಾಗಿತ್ತು. ಬಣ್ಣ ಬೇಕೆಂದು ಬರೆದ ಕಾಗದ ಯಾವ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿದೆಯೋ ಆ ದೇವರಿಗೇ ಗೊತ್ತು. ಕಾದು ಕಾದು ರೇಗಿಹೋಗಿ, ಮೊನ್ನೆ ಬೇಲಿಯ ಮೇಲಿನ ತೊಂಡೆ ಬಳ್ಳಿಗೆ ಕೈ ಹಾಕಿ, ಐದನೇ ಕ್ಲಾಸಿನವರನ್ನು ‘ಬನ್ರೋ, ನಾನ್ ತೋರಿಸ್ತೀನಿ’ ಎಂದು ಕರೆದೆ. ಅರೆದದ್ದನ್ನು ಬೋರ್ಡಿಗೆ ಒಂದು ಸಲ ಉಜ್ಜಿದ್ದೇ ತಡ, ಕೈ ಅಲ್ಲೇ ನಿಂತಿತು. ಮೂಗಿನ ತುಂಬ ಶ್ರೀರಾಂಪುರದ ನಮ್ಮ ಹಳೆಯ ಮನೆ. ‘ಯಾಕ್ ಮಿಸ್, ಕಣ್ಣಿಗ್ ಬಿತ್ತಾ?’ ಎಂದು ಒಬ್ಬಳು ಕೇಳಿದಳು. ಹೂಂ ಎಂದೆ.

ಆ ಮನೆ ಈಗಿಲ್ಲ. ಅಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ, ಕೆಳಗೆ ಮೊಬೈಲ್ ಅಂಗಡಿ. ತೊಂಬತ್ತರ ದಶಕದಲ್ಲಿ ನಮ್ಮ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಪ್ಪ ಬೆಳಿಗ್ಗೆ ಏಳಕ್ಕೆಲ್ಲ ಕಡಕೊಳದ ಕಾರ್ಖಾನೆಗೆ ಬಸ್ಸು ಹಿಡಿದರೆ, ಮನೆಯಲ್ಲಿ ಉಳಿಯುತ್ತಿದ್ದವರು ಅಮ್ಮ, ದೊಡ್ಡಮ್ಮ, ನಾನು. ದೊಡ್ಡಮ್ಮ ಎಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಬೇಗ ಹೋದರು, ಮಕ್ಕಳಿರಲಿಲ್ಲ. ಮದುವೆಗೆ ಮುಂಚೆಯೇ ಅವಳು ಟಿ.ಸಿ.ಎಚ್. ಮುಗಿಸಿ ಮೇಷ್ಟರ ಕೆಲಸಕ್ಕೆ ಸಿದ್ಧವಾಗಿದ್ದಳು. ಸೊಸೆ ಹೊರಗೆ ದುಡಿಯುವುದು ಬೇಡ ಎಂದು ಅತ್ತೆ ಮಾವ ಒಂದೇ ಮಾತಿನಲ್ಲಿ ಮುಗಿಸಿದರಂತೆ. ಸರ್ಟಿಫಿಕೇಟು ಟ್ರಂಕಿನ ತಳ ಸೇರಿತು. ಬೇರೆಯವರಾಗಿದ್ದರೆ ಆ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದರು. ನಮ್ಮ ದೊಡ್ಡಮ್ಮ ಕಾದಳು.

ಕಾದದ್ದಕ್ಕೆ ನಾನು ಸಿಕ್ಕಿದೆ. ಆರು ವರ್ಷವಿದ್ದಾಗ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನನಗೆ ಫಿಟ್ಸ್ ಬಂತು. ಮತ್ತೆ ಎರಡು ಸಲ ಹಾಗೇ ಆಯಿತು. ಮಕ್ಕಳು ಹೆದರುತ್ತಾರೆ, ನಮಗೆ ಜವಾಬ್ದಾರಿ ಬೇಡ, ಕರೆದುಕೊಂಡು ಹೋಗಿ ಎಂದರು ಶಾಲೆಯವರು. ಅಮ್ಮ ದಾರಿಯುದ್ದಕ್ಕೂ ಅತ್ತಳು. ದೊಡ್ಡಮ್ಮ ಅಳಲಿಲ್ಲ. ಮಾರನೆಯ ದಿನ ನಡುಮನೆಯ ಗೋಡೆಗೆ ತೊಂಡೆ ಸೊಪ್ಪು ಇದ್ದಿಲು ಮೆತ್ತಿ ಮೆತ್ತಿ ಬಾಗಿಲಗಲದ ಹಲಗೆ ಮಾಡಿದಳು. ‘ಬುಡು ಕಣಮ್ಮ, ಅವರ್ ಸ್ಕೂಲ್ ಅವರ್ಗಿರ್ಲಿ’ ಎಂದು ಅಮ್ಮನಿಗೆ ಹೇಳಿದವಳು, ಹತ್ತು ಗಂಟೆಗೆ ಸರಿಯಾಗಿ ಸೌಟಿನಿಂದ ಸ್ಟೀಲ್ ತಟ್ಟೆ ಬಾರಿಸಿದಳು. ನಮ್ಮ ಶಾಲೆ ಶುರುವಾಯಿತು.

ಶಾಲೆ ಎಂದರೆ ಆಟದ ಶಾಲೆಯಲ್ಲ ಕಣ್ರೀ. ಹತ್ತರಿಂದ ನಾಲ್ಕರವರೆಗೆ ಅವಳನ್ನು ದೊಡ್ಡಮ್ಮ ಎನ್ನುವಂತಿಲ್ಲ, ಮಿಸ್ ಎನ್ನಬೇಕು, ಬಹುವಚನ ಬೇರೆ. ಹಣೆಗೆ ವಿಭೂತಿ, ಗಂಜಿ ಹಾಕಿದ ಸೀರೆ, ಹೆಗಲ ಮೇಲೆ ಪಿನ್ನು. ಇದ್ದವಳು ನಾನೊಬ್ಬಳೇ ಆದರೂ ಹಾಜರಿ ಪುಸ್ತಕ ಬಿಚ್ಚಿ, ಕನ್ನಡಕ ಏರಿಸಿ, ಜನ ತುಂಬಿದ ಕ್ಲಾಸಿನಲ್ಲಿ ಹುಡುಕುವವಳಂತೆ ‘ಕುಮಾರಿ ಸುಮಾ’ ಎಂದು ಕೂಗುತ್ತಿದ್ದಳು. ಮೂರಡಿ ದೂರದಿಂದ ನಾನು ‘ಬಂದಿದ್ದೇನೆ ಮಿಸ್’ ಎನ್ನಬೇಕು. ಎಲ್ಲಕ್ಕಿಂತ ಕಷ್ಟದ್ದು ರಜಾ ಅರ್ಜಿ. ಹಬ್ಬವಿರಲಿ, ಹಲ್ಲುನೋವಿರಲಿ, ಕಾರಣ ಬರೆದು ಅರ್ಜಿ ಕೊಡದೆ ರಜೆಯಿಲ್ಲ. ‘ಸುಳ್ಳು ಕಾರಣ ಬರೆದ್ರೆ ರಜೆ ಇಲ್ಲ, ನಿಜ ಬರೆದ್ರೆ ಎಂಥದ್ದಕ್ಕೂ ಉಂಟು’ ಎನ್ನುವುದು ಅವಳ ಕಾನೂನು. ಓದಿ, ತಪ್ಪುಗಳಿಗೆ ಗೀಟು ಹಾಕಿ, ಕೆಂಪು ಪೆನ್ನಿನಲ್ಲಿ ‘ಮಂಜೂರಾಗಿದೆ’ ಎಂದು ಬರೆದು ಸಹಿ ಮಾಡುವಳು. ಆಮೇಲೆ ಅಂಗಡಿಗಳಲ್ಲಿ ಬಿಲ್ಲು ಚುಚ್ಚಿಡುತ್ತಾರಲ್ಲ, ಅಂಥ ಕಂಬಿಗೆ ಚುಚ್ಚುವಳು. ‘ಅಯ್ಯೋ, ಈ ಕಸಾನೆಲ್ಲ ಯಾಕಕ್ಕಾ ಇಟ್ಕೊಂಡಿದ್ದೀರಿ’ ಎಂದು ಅಮ್ಮ ಗೊಣಗಿದರೆ, ‘ದಾಖಲೆ ಕಣಮ್ಮ’ ಎನ್ನುತ್ತಿದ್ದಳು.

ಮಾತ್ರೆ ನುಂಗಿ ನುಂಗಿ ಒಂಬತ್ತು ವರ್ಷವಾಗುವ ಹೊತ್ತಿಗೆ ಫಿಟ್ಸ್ ನಿಂತಿತ್ತು. ಮನೆಯವರ ಹೆದರಿಕೆ ಮಾತ್ರ ನಿಂತಿರಲಿಲ್ಲ. ನನಗೆ ಹನ್ನೊಂದಾಗುವಾಗ, ಎರಡು ಸಾವಿರದ ಇಸವಿಯ ಆಚೀಚೆ, ಯಾವ ಮಗುವೂ ಶಾಲೆಯ ಹೊರಗಿರಬಾರದೆಂದು ಸರ್ಕಾರ ಮನೆ ಮನೆಗೂ ಜನ ಕಳಿಸಿತು. ನಮ್ಮ ಬಾಗಿಲಿಗೆ ಬಂದ ಟೀಚರಮ್ಮ ನನ್ನನ್ನು ನೋಡಿ, ಎರಡು ಮಾತು ಕೇಳಿ, ಫಾರಮ್ಮಿನಲ್ಲಿ ‘ಶಾಲೆಯಿಂದ ಹೊರಗುಳಿದ ಮಗು’ ಎಂಬ ಕಡೆ ಗುರುತು ಹಾಕಿಬಿಟ್ಟರು. ದೊಡ್ಡಮ್ಮನಿಗೆ ಎಲ್ಲಿಲ್ಲದ ಕೋಪ. ‘ಏನಂದ್ರಿ? ಹೊರಗುಳಿದೋಳಾ? ಐದು ವರ್ಷದಿಂದ ಒಂದಿನ ಹೇಳ್ದೆ ಕೇಳ್ದೆ ತಪ್ಪಿಸ್ಕೊಂಡಿಲ್ಲ ಕಣ್ರೀ ಇವ್ಳು!’ ಎಂದು ಹಾಜರಿ ಪುಸ್ತಕವನ್ನೇ ಅವರ ಮುಂದೆ ಹಿಡಿದಳು. ಪಾಪ, ಆ ಟೀಚರಮ್ಮನಿಗೆ ನಗಬೇಕೋ ಓಡಬೇಕೋ ತಿಳಿಯಲಿಲ್ಲ. ‘ನಮ್ ಸಾಹೇಬ್ರು ಬರ್ತಾರೆ, ಅವ್ರಿಗೇ ಹೇಳ್ಕೊಳ್ಳಿ’ ಎಂದು ಹೊರಟರು.

ಆ ವಾರವಿಡೀ ದೊಡ್ಡಮ್ಮ ಸರಿಯಾಗಿ ಊಟ ಮಾಡಲಿಲ್ಲ. ಸಾಹೇಬರು ಈ ಶಾಲೆ ಸಾಲದು ಎಂದರೆ ತನ್ನ ಶಾಲೆ ಅಲ್ಲಿಗೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಹಲಗೆಗೆ ಹೊಸದಾಗಿ ಕಪ್ಪು ಬಳಿದಳು, ತಟ್ಟೆಗೆ ಹುಣಸೆಹಣ್ಣು ತಿಕ್ಕಿ ಹೊಳೆಸಿದಳು. ಬಂದವರು ಇಲಾಖೆಯ ಅಧಿಕಾರಿ, ಕೈಯಲ್ಲಿ ಹೆಲ್ಮೆಟ್ಟು, ಮುಖದಲ್ಲಿ ಬಿಸಿಲು. ನನ್ನಿಂದ ಓದಿಸಿದರು, ಲೆಕ್ಕ ಮಾಡಿಸಿದರು, ಎಲ್ಲಕ್ಕೂ ತಲೆ ಆಡಿಸಿದರು. ದೊಡ್ಡಮ್ಮನ ಮುಖ ಅರಳಿತು. ಆ ಹುರುಪಿನಲ್ಲೇ ಅವಳು, ಯಾವ ಹೆಡ್‌ಮಾಸ್ಟರೂ ಮಾಡದ ಕೆಲಸ ಮಾಡಿದಳು. ‘ದಾಖಲೆ ಎಲ್ಲ ಸರಿಯಾಗಿದೆ ಸಾರ್’ ಎಂದು ಕಂಬಿಯನ್ನೇ ತಂದು ಅವರ ಮುಂದಿಟ್ಟಳು.

ಅವರು ಒಂದೊಂದೇ ಅರ್ಜಿ ಓದುತ್ತಾ ಮೊದಮೊದಲು ನಕ್ಕರು. ಆಮೇಲೆ ನಗು ನಿಂತಿತು. ಒಂದನ್ನು ಗಟ್ಟಿಯಾಗಿಯೇ ಓದಿದರು: ‘ಮಾನ್ಯರೇ, ಇಂದು ಮಧ್ಯಾಹ್ನ ನನಗೆ ಅರ್ಧ ದಿನ ರಜೆ ಬೇಕು. ಕಾರಣ, ಸರ್ಕಾರಿ ಶಾಲೆಯ ಕಾಂಪೌಂಡಿನ ಹತ್ತಿರ ನಿಂತುಕೊಂಡು ಮಕ್ಕಳು ಖೋಖೋ ಆಡುವುದನ್ನು ನೋಡಬೇಕು.’ ಒಂದಲ್ಲ, ಎರಡಲ್ಲ. ಶುಕ್ರವಾರ ಶುಕ್ರವಾರವೂ ಅದೇ. ನಾನು ನೆಲ ನೋಡುತ್ತಾ ನಿಂತೆ. ನನ್ನ ಅರ್ಜಿಗಳೇ ದೊಡ್ಡಮ್ಮನ ಶಾಲೆ ಮುಚ್ಚಿಸುತ್ತವೇನೋ ಎಂದುಕೊಂಡೆ.

‘ಇದನ್ನ ನೀವು ಓದಿದ್ರಾ ಅಮ್ಮಾ?’

‘ಸಹಿ ನಂದೇ ಅಲ್ವಾ ಸಾರ್.’

‘ಹಂಗಾದ್ರೆ ಯಾಕೆ ಸ್ಕೂಲಿಗೆ...’

ದೊಡ್ಡಮ್ಮ ಸೆರಗಿನ ಪಿನ್ನನ್ನು ತಿರುಗಿಸಿದಳು. ‘ಅಲ್ಲೆಲ್ಲಾದ್ರೂ ಬಿದ್ಬುಟ್ರೆ ಅಂತ ಭಯ ಸಾರ್. ಇವ್ಳು ಹೋದಾಗೆಲ್ಲ ನಾನೂ ಹಿಂದೇನೇ ಹೋಗಿ, ಹೊಂಗೆ ಮರದ ಮರೇಲಿ ನಿಂತಿರ್ತಿದ್ದೆ. ಇವ್ಳಿಗೆ ಗೊತ್ತಿಲ್ಲ.’ ಆಮೇಲೆ ಇನ್ನೂ ಮೆಲ್ಲಗೆ, ‘ಇನ್ನೊಂದು ನಿಜಾನೂ ಹೇಳ್ಬುಡ್ತೀನಿ. ಇವ್ಳು ಹೋದ್ರೆ ನನ್ ಸ್ಕೂಲಲ್ಲಿ ಯಾರಿರ್ತಾರೆ?’

ಅಧಿಕಾರಿ ಗದರಲಿಲ್ಲ, ಕಾನೂನಿನ ಪುಸ್ತಕ ಬಿಚ್ಚಲಿಲ್ಲ. ಶಾಲೆಯಲ್ಲಿ ಹೆಸರಿಲ್ಲದಿದ್ದರೆ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಕೂರಿಸುವುದು ಕಷ್ಟವಾಗುತ್ತದೆ, ಆರಕ್ಕೆ ಸೇರಿಸಿಕೊಳ್ಳಲು ಹೇಳುತ್ತೇನೆ ಎಂದರು. ‘ನೀವ್ ಕಲಿಸಿದ್ದನ್ನ ಯಾರೂ ಕಿತ್ಕೊಳ್ಳಲ್ಲ ಅಮ್ಮಾ. ಆದ್ರೆ ಖೋಖೋ ಆಡೋಕ್ಕೆ ಒಂಬತ್ತು ಜನ ಬೇಕಲ್ಲ.’ ದೊಡ್ಡಮ್ಮ, ಇವಳನ್ನು ಬಿಸಿಲಲ್ಲಿ ನಿಲ್ಲಿಸಬಾರದು, ಮಾತ್ರೆ ತಪ್ಪಿಸಬಾರದು, ಬಿದ್ದರೆ ಒಂದು ಮಗ್ಗುಲಿಗೆ ಮಲಗಿಸಬೇಕು ಎಂದು ಒಂದೊಂದಾಗಿ ಹೇಳಿದಳು. ಅವರು ಅಷ್ಟನ್ನೂ ಬರೆದುಕೊಂಡರು. ಸರ್ಕಾರದವರು ನಮ್ಮ ಮಾತನ್ನು ಬರೆದುಕೊಂಡದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ.

ಅವರು ಹೋದ ಮೇಲೆ ದೊಡ್ಡಮ್ಮ ನನ್ನ ಕಡೆ ತಿರುಗಿದಳು. ‘ನಿಂಗೆ ಹೋಗ್ಬೇಕಾ?’ ಹೋಗಬೇಕೆಂದರೆ ಅವಳಿಗೆ ನೋವು, ಬೇಡವೆಂದರೆ ಸುಳ್ಳು. ಅವಳು ಗಡಿಯಾರ ನೋಡಿದಳು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ‘ಹಂಗಾದ್ರೆ ಅರ್ಜಿ ಬರಿ’ ಎಂದಳು. ಬರೆದೆ. ನಾಳೆಯಿಂದ ದೊಡ್ಡ ಶಾಲೆಗೆ ಹೋಗಲು ಅನುಮತಿ ಬೇಕು, ಕಾರಣ, ನನಗೆ ಆಸೆಯಾಗಿದೆ. ಅವಳು ಎರಡು ಸಲ ಓದಿ, ತಪ್ಪು ಹುಡುಕಿ, ಸಿಗದೆ, ‘ಮಂಜೂರಾಗಿದೆ’ ಎಂದು ಬರೆದಳು. ಸಹಿಯ ಕೊನೆಯ ಅಕ್ಷರ ನೀರು ತಾಗಿ ಹರಡಿತು. ನಾಲ್ಕಕ್ಕೆ ಶಾಲೆ ಬಿಡುವ ತಟ್ಟೆ ಬಾರಿಸಿದವಳೂ ಅವಳೇ.

ಶಾಲೆ ನನ್ನನ್ನು ಬೀಳಿಸಲಿಲ್ಲ. ಖೋಖೋ ಬೀಳಿಸಿತು, ಮೊಣಕಾಲು ತುಂಬ ಗಾಯ. ಏಳನೇ ಕ್ಲಾಸು ಪಾಸಾದೆ, ಮುಂದೆ ದೊಡ್ಡಮ್ಮ ಓದಿದ್ದನ್ನೇ ಓದಿ, ಅವಳಿಗೆ ಸಿಗದ ಕೆಲಸಕ್ಕೆ ಸೇರಿದೆ. ಮೊದಲ ದಿನ ನನ್ನ ಹೆಗಲಿಗೆ ಪಿನ್ನು ಹಾಕಿದವಳು ಅವಳೇ. ಈಗ ಮಕ್ಕಳ ಸಮೀಕ್ಷೆಗೆ ನಾನೂ ಫಾರಂ ಹಿಡಿದು ಮನೆ ಮನೆ ಸುತ್ತುತ್ತೇನೆ. ಹೋದ ವರ್ಷ ಉದಯಗಿರಿಯ ಒಂದು ಮನೆಯಲ್ಲಿ ಹೊಸ್ತಿಲ ಮೇಲೆ ಕೂತು ಓದುತ್ತಿದ್ದ ಹುಡುಗಿ ಸಿಕ್ಕಳು. ಗುರುತು ಹಾಕುವ ಮುಂಚೆ ‘ಯಾರಮ್ಮ ಹೇಳ್ಕೊಡೋದು?’ ಎಂದು ಕೇಳಿದೆ. ಒಳಗಿನಿಂದ ಅವಳ ಅಜ್ಜಿ ಹೆದರಿ ಹೆದರಿ ಎದ್ದು ಬಂದರು. ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಆ ಹುಡುಗಿಯೇ ಮೊನ್ನೆ ನನ್ನನ್ನು, ಕಣ್ಣಿಗೆ ಬಿತ್ತಾ ಎಂದು ಕೇಳಿದವಳು.

ದೊಡ್ಡಮ್ಮ ಹೋದ ಮೇಲೆ ಟ್ರಂಕು ನನ್ನ ಪಾಲಿಗೆ ಬಂತು. ತಳದಲ್ಲಿ ಸರ್ಟಿಫಿಕೇಟು, ಅದರ ಮೇಲೆ ಕಂಬಿ. ತುದಿಯಲ್ಲಿದ್ದ ಅರ್ಜಿ ನನ್ನದಲ್ಲ. ನಾನು ಶಾಲೆಗೆ ಸೇರಿದ ದಿನ ಅವಳು ಬರೆದದ್ದು. ‘ಕುಮಾರಿ ಸುಮಾ ಅವರಿಗೆ. ನಮ್ಮ ಶಾಲೆಯ ಮಕ್ಕಳೆಲ್ಲ ದೊಡ್ಡ ಶಾಲೆಗೆ ಹೋದ ಕಾರಣ ನನಗೆ ಇಂದಿನಿಂದ ರಜೆ ನೀಡಬೇಕಾಗಿ ಕೇಳಿಕೊಳ್ಳುತ್ತೇನೆ.’ ಮಕ್ಕಳೆಲ್ಲ ಅಂತೆ! ಕೆಳಗೆ ಸಹಿಗೆ ಜಾಗ ಬಿಟ್ಟಿದ್ದಳು. ಅದನ್ನು ನನಗೆ ಕೊಡಲು ಅವಳಿಗೆ ಕೈ ಬರಲಿಲ್ಲವೋ, ಮನಸ್ಸೇ ಬರಲಿಲ್ಲವೋ. ಎಷ್ಟೋ ಸಲ ಪೆನ್ನು ಹಿಡಿದು ಕೂತಿದ್ದೆ, ಕೈ ಓಡಿರಲಿಲ್ಲ. ಮೊನ್ನೆ ಬೋರ್ಡು ಒಣಗಲು ಬಿಟ್ಟು ಮನೆಗೆ ಬಂದು, ಇನ್ನೂ ಕಪ್ಪಾಗಿದ್ದ ಬೆರಳುಗಳಲ್ಲೇ ಆ ಕಾಗದ ತೆಗೆದು ಕೆಂಪು ಪೆನ್ನಿನಲ್ಲಿ ಬರೆದೆ: ‘ಮಿಸ್, ರಜೆ ಮಂಜೂರಾಗಿಲ್ಲ. ನಾಳೆ ಹತ್ತು ಗಂಟೆಗೆ ಕೆಲಸಕ್ಕೆ ಬನ್ನಿ.’