ತಂಗಿ ಮನೆಗೆ ಅವರೆಕಾಯಿ

ಅಕ್ಕಡಿ ಕಾಳು ಇಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮೂರಿನಲ್ಲಿ ಇರಲಿಲ್ಲ. ಜಂಬ ಅನ್ನುವುದಾದರೆ ಅನ್ನಿ. ರಾಗಿ ಹೊಲದಲ್ಲಿ ಆರೇಳು ಸಾಲಿಗೊಂದು ಸಾಲನ್ನು ಅವರೆಗೆಂದು ಬಿಡುತ್ತಾರೆ, ಅದೇ ಅಕ್ಕಡಿ ಸಾಲು. ಮುಂದೆ ನೇಗಿಲು ಹೋಗುತ್ತಿದ್ದರೆ ಹಿಂದೆ ಹೆಂಗಸು ಬಗ್ಗಿ ನಡೆಯುತ್ತ, ಮಡಿಲಲ್ಲಿ ಕಟ್ಟಿಕೊಂಡ ಕಾಳನ್ನು ಒಂದೊಂದೇ ಬಿಡುತ್ತ ಬರಬೇಕು. ಅದನ್ನು ಮನೆಯ ಮುತ್ತೈದೆಯೇ ಇಡಬೇಕೆಂಬುದು ನಮ್ಮ ಕಡೆಯ ರೂಢಿ. ಮಾವ ತೀರಿಕೊಂಡ ವರ್ಷ ಅತ್ತೆ ಬಿತ್ತನೆಯ ದಿನ ಮೊರದಲ್ಲಿದ್ದ ಕಾಳನ್ನು ನನ್ನ ಮಡಿಲಿಗೆ ಸುರಿದು, "ಇನ್ಮೇಲೆ ಇದು ನಿಂದು ಕಣಮ್ಮಿ" ಅಂದರು. ಆಗ ನನಗೆ ಹದಿನೆಂಟು ವರ್ಷ. ಸರ ಮಾಡಿಸಿ ಹಾಕಿದ್ದರೂ ನಾನು ಅಷ್ಟು ಹಿಗ್ಗುತ್ತಿರಲಿಲ್ಲ.

ತೂಬಗೆರೆಗೆ ನಡೆದು ಹೋಗುವಷ್ಟು ದೂರದ ಊರು ನಮ್ಮದು. ನನ್ನ ಹೆತ್ತ ತಾಯಿಯ ಮುಖ ನನಗೆ ನೆನಪಿಲ್ಲ. ಮದುವೆಯಾಗಿ ಬಂದ ಮೇಲೆ ತಲೆಗೆ ಎಣ್ಣೆ ಒತ್ತಿದವರು, ಜ್ವರ ಬಂದರೆ ಪಕ್ಕದಲ್ಲಿ ಕೂತವರು ಅತ್ತೆಯೇ. ತವರಿಲ್ಲದವಳೆಂದು ಎರಡು ಬಾಣಂತನವನ್ನೂ ಅವರೇ ಮಾಡಿದರು. ಇದನ್ನು ಮೊದಲೇ ಹೇಳಿಬಿಡಬೇಕು. ಕೆಟ್ಟವರು ಕೇಡು ಮಾಡಿದ್ದರೆ ಮರೆತುಬಿಡುತ್ತಿದ್ದೆ, ಬರೆಯುತ್ತಲೂ ಇರಲಿಲ್ಲ.

ಎರಡನೆಯದು ಹೆಣ್ಣು ಮಗು. ರಾಗಿ ಕೊಯ್ಲು ಮುಗಿದು ಕಣ ಹಾಕಿದ ಕಾಲದಲ್ಲಿ ಹುಟ್ಟಿತು. ಹದಿನಾರನೆಯ ದಿನ ಮೋಡ ಕಟ್ಟಿತು. ಕಣದ ತುಂಬ ರಾಗಿ ಹರಡಿತ್ತು, ಆಳುಗಳು ಸಿಕ್ಕಿರಲಿಲ್ಲ. "ಒಂದ್ ಗಳಿಗೆ ಕೈ ಹಾಕ್ ಬಾರಮ್ಮಿ" ಎಂದು ಅತ್ತೆ ಕರೆದರು, ನಾನು ಎದ್ದು ಹೋದೆ. ಅದಕ್ಕೆ ಅವರನ್ನು ದೂರುವುದಿಲ್ಲ; ಆ ಹೊತ್ತಿಗೆ ಯಾರೇ ಆಗಿದ್ದರೂ ಕರೆಯುತ್ತಿದ್ದರು. ಮೂರನೆಯ ಮೂಟೆ ಎತ್ತುವಾಗ ಒಳಗೇನೋ ಕಳಚಿದ ಹಾಗಾಯಿತು. ಬಣವೆಯ ಹಿಂದೆ ಹೋಗಿ ನೋಡಿಕೊಂಡರೆ ಮೈಯೊಳಗೆ ಇರಬೇಕಾದದ್ದು ಜಾರಿ ಹೊರಗೆ ಬಂದಿತ್ತು. ಸಾಯುತ್ತೇನೆ ಅಂದುಕೊಂಡೆ.

ಅತ್ತೆ ಗಾಬರಿಯಾಗಲಿಲ್ಲ. ಕೋಣೆಯಲ್ಲಿ ಮಲಗಿಸಿ, ಕಾಲು ಎತ್ತರಿಸಿ, ಕೈಗೆ ಹರಳೆಣ್ಣೆ ಸವರಿಕೊಂಡು ಒಳಗೆ ತಳ್ಳಿದರು. ಹಳೆ ಸೀರೆಯ ಬಟ್ಟೆ ಹರಿದು ಒತ್ತಾಗಿ ಮಡಿಸಿ, ಸೊಂಟಕ್ಕೆ ದಾರ ಕಟ್ಟಿ, ಹಿಂದಕ್ಕೊಂದು ಮುಂದಕ್ಕೊಂದು ಗಂಟು ಬಿಗಿದರು. ಸೂಲಗಿತ್ತಿಗೂ ಅಷ್ಟು ಚುರುಕಾಗಿ ಕೈ ಓಡುತ್ತಿರಲಿಲ್ಲ. ಇದೆಲ್ಲ ಇವರಿಗೆ ಹೇಗೆ ಗೊತ್ತು ಎಂದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

"ಗರ್ಭಚೀಲ ಇಳಿದೈತೆ. ಹೆಣ್ ಜಲ್ಮಕ್ಕೆ ಅಂಟಿ ಬಂದಿದ್ದು ಇದು, ಇದಕ್ಕೆ ಮದ್ದಿಲ್ಲ. ಬಟ್ಟೆ ಕಟ್ಕೊಂಡೇ ಕಾಲ ಹಾಕ್ಬೇಕು" ಅಂದರು. ಆಮೇಲೆ ನನ್ನ ಗಲ್ಲ ಹಿಡಿದು, "ಯಾರ್ಗೂ ಹೇಳ್ಬೇಡ. ಗಂಡಂಗೂ ಹೇಳ್ಬೇಡ. ಬಿಟ್ಟುಬಿಟ್ಟಾನು" ಅಂದರು. ನಾನು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ನನ್ನ ಮಾನ ಕಾಯುವವರು ಒಬ್ಬರಾದರೂ ಇದ್ದಾರಲ್ಲ ಅನ್ನಿಸಿತು.

ಹಾಗೆ ನಾಲ್ಕು ವರ್ಷ ಕಳೆದೆ. ಬಾವಿಯಿಂದ ಕೊಡ ಎತ್ತಿದರೆ ಜಾರುತ್ತಿತ್ತು, ಕೆಮ್ಮಿದರೆ ಜಾರುತ್ತಿತ್ತು. ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯುವುದು ಬಿಟ್ಟೆ. ನಿಂತಲ್ಲೇ ಬಟ್ಟೆ ಒದ್ದೆಯಾಗುತ್ತಿತ್ತು. ಸೊಂಟದ ನೋವಂತೂ ಬೆಳಿಗ್ಗೆ ನನಗಿಂತ ಮುಂಚೆ ಏಳುತ್ತಿತ್ತು. ಗಂಡ ಹತ್ತಿರ ಬಂದರೆ ತಲೆನೋವು, ವ್ರತ, ಮಗುವಿಗೆ ಹುಷಾರಿಲ್ಲ ಎಂದು ನೆಪ ಹುಡುಕುತ್ತಿದ್ದೆ. ಪಾಪ, ತನ್ನ ಮೇಲೆ ನನಗೆ ಮನಸ್ಸಿಲ್ಲವೆಂದು ತಿಳಿದು ಅವರು ಜಗಲಿಯಲ್ಲಿ ಮಲಗತೊಡಗಿದರು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ ಅನ್ನುತ್ತಾರಲ್ಲ, ನಾನು ಪ್ರಾಣ ಹೋಗುವ ದಾರಿ ಹಿಡಿದಿದ್ದೆ.

ಆದರೂ ಅಕ್ಕಡಿ ಕಾಳು ಇಡುವುದನ್ನು ಬಿಟ್ಟಿರಲಿಲ್ಲ. ನಾಲ್ಕನೆಯ ವರ್ಷದ ಬಿತ್ತನೆಯಲ್ಲಿ ಅರ್ಧ ಹೊಲ ಮುಗಿಸುವಷ್ಟರಲ್ಲಿ ಕಾಲಿನ ಮೇಲೆ ರಕ್ತ ಇಳಿಯಿತು. ಸಾಲಿನಲ್ಲೇ ಕೂತುಬಿಟ್ಟೆ. ನೇಗಿಲು ಹಿಡಿದಿದ್ದ ಗಂಡ ತಿರುಗಿ ನೋಡಿ ಎತ್ತು ನಿಲ್ಲಿಸಿ ಓಡಿ ಬಂದರು. ಅವತ್ತು ಎಲ್ಲ ಹೇಳಿದೆ. ಅವರು ಮಣ್ಣಿನ ಹೆಂಟೆಯೊಂದನ್ನು ಕೈಯಲ್ಲಿ ಪುಡಿ ಮಾಡುತ್ತ, "ನಾಲ್ಕ್ ವರ್ಷ ನನ್ನ ಏನಂತ ತಿಳ್ಕೊಂಡಿದ್ಯೇ ನೀನು?" ಅಂದರು. ಬಿಡುತ್ತಾನೆ ಅಂದಿದ್ದರಲ್ಲ ಅತ್ತೆ, ಬಿಡಲಿಲ್ಲ. ಮಾರನೆಯ ದಿನವೇ ಗಾಡಿ ಕಟ್ಟಿದರು.

ಹೊರಡುವಾಗ ಅತ್ತೆ ರಂಪ ಮಾಡಿದರು. "ಆಸ್ಪತ್ರೆಗೆ ಹೋದೋರು ಕುಯ್ಸ್ಕೊಂಡೇ ಬರೋದು, ಬೇಡ ಕಣಪ್ಪ" ಎಂದು ಮಗನ ಕೈ ಹಿಡಿದುಕೊಂಡರು. ನನ್ನ ಮೇಲಿನ ಅಕ್ಕರೆಗೆ ಹೀಗಾಡುತ್ತಾರೆ ಎಂದು ನನ್ನ ಕಣ್ಣೇ ತುಂಬಿತು.

ಯುದ್ಧದ ಕಾಲ, ಪೆಟ್ರೋಲು ಇರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಇದ್ದಿಲಿನ ಬಸ್ಸು ಹತ್ತಿದೆವು. ದಿಬ್ಬ ಬಂದಾಗಲೆಲ್ಲ ಗಂಡಸರು ಇಳಿದು ತಳ್ಳಬೇಕು. ಪ್ರತಿ ಕುಲುಕಿಗೂ ನಾನು ಹಲ್ಲು ಕಚ್ಚಿ ಸೀಟಿನ ಕಂಬಿ ಹಿಡಿಯುತ್ತಿದ್ದೆ. ಬೆಂಗಳೂರಿನ ಹೆಂಗಸರ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿ ಕೈ ತೊಳೆದುಕೊಳ್ಳುತ್ತ ಬೈದರು. ಮೊದಲೇ ಬಂದಿದ್ದರೆ ಒಳಗೆ ಒಂದು ರಬ್ಬರು ಉಂಗುರ ಇಟ್ಟು ಕಳಿಸುತ್ತಿದ್ದರಂತೆ. ಅದು ಚೀಲವನ್ನು ಕೆಳಗೆ ಬೀಳದಂತೆ ತಡೆಯುತ್ತದೆ, ಆಗಾಗ ಬಂದು ತೊಳೆಸಿಕೊಂಡು ಹೋದರೆ ಆಯಿತು. ಈಗ ಬಟ್ಟೆ ಉಜ್ಜಿ ಉಜ್ಜಿ ಹುಣ್ಣಾಗಿದೆ, ಉಂಗುರ ನಿಲ್ಲುವುದಿಲ್ಲ. ಚೀಲವನ್ನೇ ತೆಗೆಯುವುದು ಒಳ್ಳೆಯದು.

"ಇನ್ನು ಮಕ್ಳಾಗಲ್ವಾ?" ಎಂದು ಗಂಡ ಕೇಳಿದರು.

"ಇರೋ ಎರಡು ಮಕ್ಳಿಗೆ ತಾಯಿ ಬೇಡ್ವೇನಪ್ಪಾ?" ಎಂದು ಡಾಕ್ಟರಮ್ಮ ಕೇಳಿದರು. ಕೊಯ್ಯುವುದಕ್ಕೆ ಗಂಡನ ರುಜು ಬೇಕು, ಯೋಚನೆ ಮಾಡಿ ಎಂಟು ದಿನದಲ್ಲಿ ಬನ್ನಿ, ಅಂದರು.

ಗಂಡ ಔಷಧಿ ತರಲು ಹೋದಾಗ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ವಯಸ್ಸಾದ ಆಯಾ ಒಬ್ಬಳು ಯಾವೂರಮ್ಮ ಎಂದು ಕೇಳಿದಳು. ಹೇಳಿದೆ. ಅವಳ ಮುಖ ಅರಳಿತು.

"ಓ, ನಮ್ಮ ಅವರೆಕಾಯಿ ಅಜ್ಜಿ ಊರು! ವರ್ಷಾವರ್ಷ ಪುಷ್ಯದಲ್ಲಿ ಬರ್ತಾರೆ, ನಂಗೂ ಒಂದು ಸೆರಗು ಸೊಗಡು ಅವರೆ ತರ್ತಾರೆ. ಎಡಗೈ ಹೆಬ್ಬೆಟ್ಟಿಗೆ ಉಗುರಿಲ್ಲ ನೋಡು, ಅವರೇ. ಅವರ್ಗೂ ನಿಂದೇ ಕಾಯಿಲೆ ಕಣಮ್ಮ. ಉಂಗುರ ಹಾಕ್ಸ್ಕೊಂಡು ಹತ್ತು ವರ್ಷದ ಮೇಲಾಯ್ತು, ಗಟ್ಟಿಮುಟ್ಟಾಗವ್ರೆ. ಒಂದೇ ಊರು, ನಿಂಗ್ ಹೇಳ್ಲಿಲ್ವಾ?"

ಕುಡುಗೋಲು ತಾಗಿ ಉಗುರು ಕಳೆದುಕೊಂಡ ಆ ಹೆಬ್ಬೆಟ್ಟು ನನ್ನ ತಲೆಗೆ ಎಷ್ಟು ಸಲ ಎಣ್ಣೆ ಒತ್ತಿತ್ತೋ ಲೆಕ್ಕವಿಲ್ಲ. ಅತ್ತೆಗೆ ಬೆಂಗಳೂರಿನಲ್ಲಿ ಒಬ್ಬ ತಂಗಿ ಇದ್ದದ್ದು ನಿಜ. ಪ್ರತಿ ಪುಷ್ಯದಲ್ಲಿ ಅವರೆಕಾಯಿ ಗಂಟು ಕಟ್ಟಿಕೊಂಡು "ತಂಗಿ ಮನೆಗೆ ಹೋಗ್ಬರ್ತೀನಿ" ಎಂದು ಹೊರಡುತ್ತಿದ್ದದ್ದೂ ನಿಜ. ಗಂಟು ಕಟ್ಟಿಕೊಡುತ್ತಿದ್ದವಳು ನಾನೇ. ಬಗ್ಗಿ ಕಟ್ಟುವಾಗ ಜಾರಿದ್ದನ್ನು ಗೋಡೆಗೆ ಆತುಕೊಂಡು ಸರಿ ಮಾಡಿಕೊಳ್ಳುತ್ತಿದ್ದೆ. ಅವರು ಅದನ್ನು ನೋಡಿಕೊಂಡೇ ಗಂಟು ತಲೆಗೇರಿಸಿ ಉಂಗುರ ತೊಳೆಸಿಕೊಳ್ಳಲು ಹೋಗುತ್ತಿದ್ದರು.

ಗಂಡನಿಗೆ ನಾನು ಏನೂ ಹೇಳಲಿಲ್ಲ. ಬಸ್ಸಿನಲ್ಲಿ ನೋವೂ ಗೊತ್ತಾಗಲಿಲ್ಲ.

ಮಾರನೆಯ ದಿನ ಗಂಡ ಹೊಲಕ್ಕೆ ಹೋದ ಮೇಲೆ ಅತ್ತೆ ನನ್ನ ಪಕ್ಕ ಬಂದು ಕೂತರು. ಡಾಕ್ಟರಮ್ಮ ಹೇಳಿದ್ದನ್ನು ಮಗನಿಂದ ಕೇಳಿದ್ದರು. "ತೆಗೆಸ್ಕೊಬೇಡ ಕಣಮ್ಮಿ. ಚೀಲ ತೆಗೆಸ್ಕೊಂಡೋಳು ಅಕ್ಕಡಿ ಕಾಳು ಇಡೋ ಹಂಗಿಲ್ಲ. ಬರಿದಾದ ಮಡಿಲಿಂದ ಬಿದ್ದ ಕಾಳು ಮೊಳೆಯಲ್ಲ ಅಂತಾರೆ. ಊರೋರ ಮುಂದೆ ನಿನ್ನ ಕೈಯಿಂದ ಮೊರ ಕಿತ್ಕೊಬೇಕಾಗುತ್ತೆ" ಅಂದರು.

ನನ್ನನ್ನು ಎಲ್ಲಿ ಹಿಡಿದರೆ ಬಗ್ಗುತ್ತೇನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಆಯಾ ಬಾಯಿ ಬಿಡದೆ ಇದ್ದಿದ್ದರೆ ನಾನು ಬಗ್ಗಿಯೂ ಬಿಡುತ್ತಿದ್ದೆ. ಚಾಕುವಿನ ಭಯ ಇದ್ದೇ ಇತ್ತು, ಮತ್ತೆ ಬಸಿರಾಗುವುದಿಲ್ಲವೆಂಬ ಸಂಕಟವೂ ಇತ್ತು.

"ಉಂಗುರ ಹಾಕ್ಸ್ಕೊಂಡೋರು ಇಡಬೋದಾ, ಅತ್ತೆ?" ಎಂದು ಕೇಳಿದೆ.

ಅವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ಬಾಗಿಲು ನೋಡಿದರು. ಎದ್ದು ಹೋಗುತ್ತಾರೆ ಅಂದುಕೊಂಡೆ, ಹೋಗಲಿಲ್ಲ.

"ನಿಮ್ಮ ಮಾವ ಇದ್ದಾಗ್ಲೇ ಹಾಕ್ಸ್ಕೊಂಡಿದ್ದು. ತಂಗಿ ಕರ್ಕೊಂಡೋದ್ಲು" ಅಂದರು. "ಹಾಕ್ಸ್ಕೊಂಡ ಮೇಲೂ ಕಾಳು ಇಟ್ಟೆ."

"ಮದ್ದಿಲ್ಲ ಅಂದ್ರಲ್ಲ ನಂಗೆ."

"ಆ ವರ್ಷ ನನ್ ಮಗಳ್ನ ನೋಡೋಕೆ ಬರ್ತಿದ್ರು. ನಿನ್ನ ಆಸ್ಪತ್ರೆಗೆ ಕರ್ಕೊಂಡೋದ್ರೆ ಸುದ್ದಿಯಾಗೋದು. ಸೊಸೆಗೂ ಐತೆ, ಅತ್ತೆಗೂ ಐತೆ, ಆ ಮನೆ ಹೆಣ್ಮಕ್ಳಿಗೆಲ್ಲ ಐತೆ ಅಂತ ಆಡ್ಕೊಳೋರು. ಯಾರು ತಗೊಂಡೋಗೋರು ಅವಳ್ನ?"

ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ನಾದಿನಿ ಹೆಗ್ಗಣವಲ್ಲ, ಒಳ್ಳೆಯ ಹುಡುಗಿ. ಆದರೆ ಹೆತ್ತದ್ದು ಅವಳನ್ನು, ನನ್ನನ್ನಲ್ಲ. ಅದು ಆಗ ಗೊತ್ತಾಯಿತು. "ಅವಳ ಮದ್ವೆ ಆಗಿ ಮೂರ್ ವರ್ಷ ಆಯ್ತು. ಆಮೇಲಾದ್ರೂ?" ಅಂದೆ.

"ಆಮೇಲೆ ಹೇಳೋಕೆ ಮುಖ ಇರ್ಲಿಲ್ಲ ಕಣಮ್ಮಿ." ಅವರ ದನಿ ಇಳಿದಿತ್ತು. "ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತಿದ್ದೆ. ನೀನೂ ಸುಧಾರಿಸ್ಕೊಂಡಿದ್ದೆ."

ಸುಧಾರಿಸಿಕೊಂಡಿದ್ದೆನಂತೆ. ಆ ಮಾತಿಗೆ ಬಂದ ಸಿಟ್ಟು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. "ಮತ್ತೆ ಅಕ್ಕಡಿ ಮಾತು? ಅದನ್ನ ಯಾರು ಅಂದಿದ್ದು?"

"ಯಾರೂ ಅಂದಿಲ್ಲ. ನಾನೇ ಅಂದೆ. ನೀನು ಆ ಆಸ್ಪತ್ರೇಲಿ ತಿಂಗಳುಗಟ್ಟಲೆ ಇದ್ರೆ ನನ್ನ ವಿಷ್ಯ ತಿಳ್ದುಬಿಡುತ್ತೆ ಅಂತ."

ಸಂಜೆ ಗಂಡ ಬಂದಾಗ, ಚೀಲ ತೆಗೆಸಿಕೊಳ್ಳುತ್ತೇನೆ, ರುಜು ಹಾಕಿ ಅಂದೆ. ಎಂಟು ದಿನ ಬೇಕಾಗಲಿಲ್ಲ. ಧೈರ್ಯ ಬಂದು ಹಾಗೆ ಹೇಳಿದೆನೆಂದು ಸುಳ್ಳು ಬರೆಯುವುದಿಲ್ಲ. ಅತ್ತೆ ಬೇಡ ಅಂದದ್ದನ್ನು ಮಾಡಲೇಬೇಕು ಅನ್ನಿಸಿತ್ತು, ಅಷ್ಟೇ. ಹೊರಡುವ ದಿನ ಅವರು ಸೀರೆ ಬದಲಿಸಿಕೊಂಡು ಬಂದು, "ಜೊತೇಲಿ ಇರ್ತೀನಿ, ಹೆಂಗ್ಸು ಒಬ್ರು ಬೇಕು" ಅಂದರು. "ನಿಮ್ಮ ತಂಗಿ ಮನೆಗೆ ಪುಷ್ಯದಲ್ಲಿ ಹೋಗೀರಂತೆ" ಅಂದೆ. ಮಗನಿಗೆ ಅರ್ಥವಾಗಲಿಲ್ಲ, ಅವರಿಗಾಯಿತು. ಒಳಗೆ ಹೋಗಿ ಮಗುವನ್ನು ಎತ್ತಿಕೊಂಡರು.

ಕೊಯ್ದರು. ಬದುಕಿದೆ. ಎಚ್ಚರವಾದಾಗ ಕಳೆದುಕೊಂಡದ್ದು ಏನೆಂದು ತಡಕಿದೆ, ಹೊಟ್ಟೆ ಮೊದಲಿನ ಹಾಗೇ ಇತ್ತು. ಮೂರು ತಿಂಗಳು ಭಾರ ಎತ್ತಬಾರದೆಂದು ಹೇಳಿ ಕಳಿಸಿದರು. ಆ ಮೂರು ತಿಂಗಳೂ ನೀರು ಸೇದಿ ಹೊತ್ತು ತಂದವರು, ರಾಗಿ ಬೀಸಿದವರು ಅತ್ತೆ. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಇಳಿಸಿ ಎಂದು ಒಂದು ದಿನವೂ ಅನ್ನಲಿಲ್ಲ. ಪುಷ್ಯ ಬಂತು. ಅವರು ತಂಗಿ ಮನೆಯ ಮಾತೆತ್ತಲಿಲ್ಲ, ನಾನೂ ನೆನಪಿಸಲಿಲ್ಲ. ಬೇಸಿಗೆಯ ಹೊತ್ತಿಗೆ ಅವರು ಕಾಲು ಅಗಲಿಸಿ ನಡೆಯತೊಡಗಿದರು, ಕೊಡ ಇಳಿಸಿ ಗೋಡೆ ಹಿಡಿಯತೊಡಗಿದರು. ಉಂಗುರ ತೊಳೆಸಿಲ್ಲವೆಂದು ನನಗೆ ಗೊತ್ತಿತ್ತು. ನೋಡಿ ಸಂತೋಷಪಟ್ಟೆ. ಪಾಪವಾದರೆ ಆಗಲಿ, ಪಟ್ಟದ್ದು ನಿಜ.

ಬಿತ್ತನೆಯ ದಿನ ಅತ್ತೆ ಬದುವಿನ ಮೇಲೆ ಮೊರ ಹಿಡಿದು ನಿಂತಿದ್ದರು. ಊರಿನ ನಾಲ್ಕಾರು ಹೆಂಗಸರೂ ಇದ್ದರು. ನನ್ನ ಆಪರೇಷನ್ನಿನ ಸುದ್ದಿ ಅವರಿಗೆಲ್ಲ ತಿಳಿದಿತ್ತು. ನಾನು ಮಡಿಲೊಡ್ಡಿದೆ. ಅತ್ತೆ ಮೊರ ಬಗ್ಗಿಸಿ ಕಾಳು ಸುರಿದರು. ಜಾರುವ ಭಯವಿಲ್ಲದೆ ಇಡೀ ಹೊಲ ಬಗ್ಗಿ ನಡೆದೆ. ವಾರದೊಳಗೆ ಅವರೆ ಮೊಳೆಯಿತು, ಎಂದಿನಂತೆಯೇ.

ಆ ಪುಷ್ಯದಲ್ಲಿ ಬೇಕೆಂದೇ ಅಕ್ಕಡಿ ಸಾಲಿಗೆ ನಾನೇ ಹೋಗಿ ಕಾಯಿ ಬಿಡಿಸಿಕೊಂಡು ಬಂದೆ. ಗಂಟು ಕಟ್ಟಿದೆ, ಆಯಾಳಿಗೆಂದು ಬೇರೆ ಒಂದು ಪುಟ್ಟ ಗಂಟನ್ನೂ ಕಟ್ಟಿದೆ. ಗಂಡ ಊಟ ಮಾಡುತ್ತಿದ್ದರು. ಅವರೆದುರಿಗೇ ಗಂಟನ್ನು ಅತ್ತೆಯ ಮುಂದಿಟ್ಟು, "ಅತ್ತೆ, ನಿಮ್ಮ ತಂಗಿ ಮನೆಗೆ ಹೋಗಿ ಎರಡು ವರ್ಷ ಆಯ್ತಲ್ಲ, ಹೋಗ್ಬನ್ನಿ" ಅಂದೆ.

ಅತ್ತೆ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತರು. ಆ ಉಗುರಿಲ್ಲದ ಹೆಬ್ಬೆಟ್ಟಿನಿಂದ ಒಳಗಿನ ಕಾಯಿ ಒತ್ತಿ ನೋಡಿದರು. "ಯಾವ ಹೊಲದ್ದು?" ಎಂದು ಮೆಲ್ಲಗೆ ಕೇಳಿದರು.

"ನಾನು ಕಾಳು ಇಟ್ಟಿದ್ದೇ" ಅಂದೆ.

ಅವರು ಬದುಕಿರುವವರೆಗೆ ಪ್ರತಿ ವರ್ಷ ಆ ಗಂಟು ಕಟ್ಟಿಕೊಟ್ಟೆ. ಅವರ ಗುಟ್ಟು ಅವರ ಮಗನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅವರು ನನಗೆ ಎಣ್ಣೆ ಒತ್ತುತ್ತೇನೆಂದು ಎಷ್ಟೋ ಸಲ ಕರೆದರು. ನಾನು ಮಾತ್ರ ಮತ್ತೆ ಒಂದು ದಿನವೂ ಅವರ ಮುಂದೆ ತಲೆಯೊಡ್ಡಿ ಕೂರಲಿಲ್ಲ.