ನಾಲ್ಕು ಜನಕ್ಕೆ ಒಂದೇ ಬಣ್ಣ

ಹಬ್ಬ ಹತ್ತಿರ ಬಂತು ಅಂದರೆ ಈಗಲೂ ನನಗೆ ಮೊದಲು ನೆನಪಾಗುವುದು ದಣಿವು. ಹೋಳಿಗೆ, ತೋರಣ ಎಲ್ಲ ಆಮೇಲೆ. ಎಪ್ಪತ್ತರ ದಶಕದಲ್ಲಿ ನಾನು ಹೊಸದುರ್ಗ ತಾಲ್ಲೂಕಿನ ಮತ್ತೋಡು ಕಡೆಯ ಒಂದು ಹಳ್ಳಿಯಲ್ಲಿ ಸೊಸೆಯಾಗಿದ್ದೆ. ಕುರಿಯೂ ಬೇಸಾಯವೂ ಇದ್ದ ಕೂಡು ಕುಟುಂಬ. ನಾಲ್ವರು ಸೊಸೆಯರಲ್ಲಿ ನಾನು ಎರಡನೆಯವಳು. ಅತ್ತೆ ಮಾವ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ದೊಡ್ಡ ಭಾವನವರದು. ಪೇಟೆಗೆ ಹೋಗಿ ಸಾಮಾನು ತರುವುದೂ ಅವರದೇ.

ವರ್ಷಪೂರ್ತಿ ಏನು ಯಾವಾಗ ಕೊಳ್ಳಬೇಕು ಅನ್ನುವುದಕ್ಕೆ ಒಂದು ಕ್ರಮ ಇತ್ತು. ಶಿವರಾತ್ರಿ ಕಳೆದ ಮೇಲೆ ಹುಣಸೆಹಣ್ಣು, ಅದರ ಬೆನ್ನಿಗೇ ಒಣಮೆಣಸಿನಕಾಯಿ, ಕಲ್ಲುಪ್ಪು. ಭಾವನವರು ಹೊಸದುರ್ಗದಲ್ಲಿ ಚೌಕಾಸಿ ಮಾಡಿ, ಮೂಟೆಗಳನ್ನು ಗಾಡಿಯಿಂದ ಜಗಲಿಗೆ ಇಳಿಸಿ, ಕೈಕಾಲು ತೊಳೆದು ಕಂಬಕ್ಕೆ ಒರಗಿ ಕೂತರೆ ಅವರ ವ್ಯಾಪಾರ ಮುಗಿಯಿತು. ನಮ್ಮದು ಅಲ್ಲಿಂದ ಶುರು. ಹುಣಸೆಹಣ್ಣಿನ ಬೀಜ ಬಿಡಿಸಬೇಕು, ಮೆಣಸಿನಕಾಯಿ ಒಣಗಿಸಿ ತೊಟ್ಟು ಮುರಿಯಬೇಕು. ಎರಡು ವಾರ ಕೈ ಉರಿಯುತ್ತಿತ್ತು, ಆ ಕೈಯಲ್ಲೇ ಮಕ್ಕಳ ಮುಖ ತೊಳೆದರೆ ಅವೂ ಅಳುತ್ತಿದ್ದವು. ಯುಗಾದಿಗೆ ಗಂಡಸರಿಗೂ ಮಕ್ಕಳಿಗೂ ಬಟ್ಟೆ. ಮಕ್ಕಳಿಗೆ ಒಂದೇ ತಾನಿನ ಬಟ್ಟೆ ಹರಿಸಿ ಹೊಲಿಸುತ್ತಿದ್ದುದರಿಂದ ಹಬ್ಬದ ದಿನ ನಮ್ಮ ಮನೆ ಹುಡುಗರು ಪೊಲೀಸರ ಹಾಗೆ ಸಾಲಾಗಿ ಓಡಾಡುತ್ತಿದ್ದರು. ಮಳೆಗೆ ಮುಂಚೆ ಹಗ್ಗ, ಚಪ್ಪಲಿ, ಬುಟ್ಟಿ. ಆಷಾಢದಲ್ಲಿ ಏನೂ ಇಲ್ಲ. ಆ ಒಂದು ತಿಂಗಳು ನನಗೆ ಬಹಳ ಪ್ರೀತಿ. ಯಾರೂ ಏನೂ ತರುತ್ತಿರಲಿಲ್ಲ, ಹಾಗಾಗಿ ಬಿಡಿಸುವ, ಕೇರುವ, ಒಣಗಿಸುವ ಕೆಲಸವೂ ಇರುತ್ತಿರಲಿಲ್ಲ.

ಹೆಂಗಸರ ಸರದಿ ಬರುತ್ತಿದ್ದುದು ದೀಪಾವಳಿಗೆ, ಶೇಂಗಾ ಕಿತ್ತು ಮುಗಿದ ಮೇಲೆ. ಭಾವನವರು ಹೊಸದುರ್ಗದ ಒಂದೇ ಅಂಗಡಿಯಿಂದ ನಾಲ್ಕು ಸೀರೆ ತರುತ್ತಿದ್ದರು. ನಾಲ್ಕೂ ಒಂದೇ. ಬೆಲ್ಲ ಕಪ್ಪಾದರೆ ಬರುತ್ತದಲ್ಲ, ಆ ಬಣ್ಣ. ಕುರಿ ರೊಪ್ಪ ಗುಡಿಸಿದರೂ ಸಗಣಿ ಬಾಚಿದರೂ ಕೊಳೆ ಕಾಣದು ಅನ್ನುವುದು ಅವರ ಲೆಕ್ಕ. ಒಬ್ಬಳಿಗೆ ಹೆಚ್ಚು ಒಬ್ಬಳಿಗೆ ಕಡಿಮೆ ಅನ್ನುವ ಮಾತು ಮನೆಯಲ್ಲಿ ಬರಬಾರದು ಅನ್ನುವುದು ಇನ್ನೊಂದು. ನ್ಯಾಯವಾದ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಒಮ್ಮೆ ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳು ಬಂದಳು. ನಾವು ನಾಲ್ವರೂ ತಂದು ಹಾಕಿದ ಸೀರೆಗಳನ್ನು ಮಗುಚಿ ಮಗುಚಿ ನೋಡಿ, “ಈ ಮನೇಲಿ ಒಬ್ರೇ ಹೆಂಗಸಾ?” ಅಂದಳು. ಎಲ್ಲರೂ ನಕ್ಕೆವು. ನನಗೆ ಒಳಗೆ ಚುರುಕ್ ಅಂತು.

ನನ್ನ ತವರು ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆ. ಅಲ್ಲಿ ನಮ್ಮವ್ವ ಸಂತೆಗೆ ತಾನೇ ಹೋಗುತ್ತಿದ್ದಳು, ಸೀರೆಯನ್ನು ಬಿಸಿಲಿಗೆ ಹಿಡಿದು, ನೂಲು ಉಜ್ಜಿ ನೋಡಿ, ಬೇಡ ಅಂದರೆ ಬೇಡ ಅನ್ನುತ್ತಿದ್ದಳು. ಅದನ್ನು ನೋಡಿ ಬೆಳೆದವಳಿಗೆ ಒಂದು ಸಲವಾದರೂ ನನ್ನ ಸೀರೆ ನಾನೇ ಆರಿಸಬೇಕು ಅನ್ನುವ ಆಸೆ ಇತ್ತು. ಹೇಳಿಕೊಳ್ಳುವುದಕ್ಕೆ ಧೈರ್ಯ ಇರಲಿಲ್ಲ. ಭಾವನವರ ಎದುರು ನಿಂತು ಮಾತಾಡುವ ರೂಢಿಯೇ ಇಲ್ಲ, ಉಪ್ಪು ಮುಗಿದಿದೆ ಅನ್ನುವುದನ್ನೂ ಬಾಗಿಲ ಹಿಂದಿನಿಂದ ಹೇಳುತ್ತಿದ್ದ ಕಾಲ.

ಒಂದು ವರ್ಷ ದೀಪಾವಳಿಗೆ ವಾರ ಇರುವಾಗ ಭಾವನವರಿಗೆ ಸೊಂಟ ಹಿಡಿಯಿತು. ಏಳುವುದಕ್ಕೂ ಆಗದು. ಉಳಿದ ಗಂಡಸರು ಕುರಿ ಹೊಡೆದುಕೊಂಡು ಹೊರಗೆ ಹೋಗಿದ್ದರು, ಅವರು ಮರಳುವುದು ಹಬ್ಬದ ಹಿಂದಿನ ದಿನ. ದೊಡ್ಡ ಓರಗಿತ್ತಿಗೆ ಬಸ್ಸು ಹತ್ತಿದರೆ ವಾಂತಿ. ಕೊನೆಗೆ ಭಾವನವರು ಮಲಗಿದ್ದಲ್ಲಿಂದಲೇ, “ಎರಡ್ನೇವಳು ಹೋಗ್ಬರ್ಲಿ ಬಿಡು. ಊರಿನ ಹೆಂಗಸ್ರು ಹೊಂಟವ್ರೆ, ಅವ್ರ ಜೊತೆ ಹೋಗ್ತಾಳೆ” ಅಂದರು. ಬಾಗಿಲ ಹಿಂದೆ ನಿಂತು ನಾನು ಕೇಳಿಸಿಕೊಂಡೆ.

ಆ ಸಂಜೆ ಕೊನೆಯ ಓರಗಿತ್ತಿ ಹಿತ್ತಲಿಗೆ ಬಂದಳು. ಅವಳು ಚಿತ್ರದುರ್ಗದವಳು, ಪೇಟೆಯಲ್ಲಿ ಬೆಳೆದವಳು. ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು.

“ಅಕ್ಕ, ನಂಗೆ ಕನಕಾಂಬರದ ಬಣ್ಣದ್ದು ತರ್ತೀರಾ?”

“ಯಾಕೆ, ಈಗ ಉಟ್ಟಿರೋದಕ್ಕೆ ಏನಾಗೈತೆ?” ಅಂದೆ, ರೇಗಿಸುವುದಕ್ಕೆ.

ಅವಳು ನಗಲಿಲ್ಲ. “ಹಬ್ಬ ಕಳೆದ ಮೇಲೆ ತಂಗಿ ಮದ್ವೆ ಐತೆ. ಧಾರೆ ಸೀರೆ ಒಂದಿನಕ್ಕಾತು. ಉಳಿದ ದಿನ ಈ ಬಣ್ಣ ಉಟ್ಕಂಡು ಓಡಾಡಿದ್ರೆ ನಮ್ಮವ್ವ ಅಳ್ತಾಳೆ. ಹೋದ ಸಲ ಅತ್ಲು. ನನ್ ಮಗ್ಳನ್ನ ಆಳು ಮಾಡ್ಬಿಟ್ರು ಅಂದ್ಲು. ಬೇರೆ ಯಾರ್ನ ಕೇಳ್ಲಿ, ಅಕ್ಕ?”

“ತರ್ತೀನಿ ಬಿಡೆ,” ಅಂದೆ. ನನಗೆ ಯಾವ ಬಣ್ಣ ಅನ್ನುವುದನ್ನೂ ಆ ಸಂಜೆ ಯೋಚಿಸಿದೆ. ನೇರಳೆ ಅಂದುಕೊಂಡೆ, ಆಮೇಲೆ ಗಿಣಿಹಸಿರು ಅಂದುಕೊಂಡೆ.

ಬೆಳಗ್ಗೆ ಕತ್ತಲಿರುವಾಗಲೇ ಎದ್ದು ಸಗಣಿ ಬಾಚಿ, ರೊಟ್ಟಿ ಬಡಿದು ಹೊರಟೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದೆ ಹೊಸದುರ್ಗದವರೆಗೂ ನಿಂತೇ ಹೋದೆ. ಮೊದಲು ಬೆಲ್ಲ, ಎಣ್ಣೆ, ಹಣತೆ, ಮಕ್ಕಳ ಪಟಾಕಿ. ಅಷ್ಟನ್ನೂ ಹೊತ್ತುಕೊಂಡು ಬಟ್ಟೆ ಅಂಗಡಿಗೆ ಹೋಗುವಷ್ಟರಲ್ಲಿ ಭುಜ ಬಿದ್ದುಹೋಗಿತ್ತು. ನನ್ನ ಜೊತೆಯ ಹೆಂಗಸರು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇವೆ ಅಂದರು.

ಅಂಗಡಿಯವರು ಊರು, ಮನೆ ಕೇಳಿದರು. ಹೇಳಿದ ಕೂಡಲೇ, “ಕುಂತ್ಕಳ್ರಮ್ಮ. ನಿಮ್ಮನೆ ಬಣ್ಣ ನಂಗೊತ್ತು” ಅಂತ ಆ ಹಳೆ ಬೆಲ್ಲದ ಬಣ್ಣದ ಸೀರೆ ಕಟ್ಟನ್ನೇ ಎಳೆದರು.

“ಬೇರೆ ತೋರ್ಸ್ರಿ,” ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ತೋರಿಸಿದರು. ಪಾಪ, ಬೇಸರವಿಲ್ಲದೆ ತೋರಿಸಿದರು. ನೇರಳೆ, ಹಸಿರು, ಬದನೆಕಾಯಿ ಬಣ್ಣ, ಕನಕಾಂಬರ. ಗಾದಿಯ ಮೇಲೆ ಬಣ್ಣದ ರಾಶಿ ಏರಿತು. ಕನಕಾಂಬರದ್ದನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅದು ಕೊನೆಯವಳಿಗೆ ಒಪ್ಪುತ್ತಿತ್ತು. ಆದರೆ ಅವಳಿಗೊಂದೇ ಬೇರೆ ತಂದರೆ ಮೂರನೆಯವಳು ಬಿಟ್ಟಾಳೆಯೇ? ನಾಲ್ವರಿಗೂ ಬೇರೆ ಬೇರೆ ತಂದರೆ ಯಾರಿಗೆ ಯಾವುದು? ದೊಡ್ಡವಳು ಹಸಿರು ಎತ್ತಿಕೊಂಡರೆ ನಾನು ಬಾಯಿ ಬಿಡುವ ಹಾಗಿಲ್ಲ. ನಾಲ್ವರಿಗೂ ಕನಕಾಂಬರ ಒಯ್ದರೆ ಎರಡೇ ದಿನಕ್ಕೆ ರೊಪ್ಪದ ಕಲೆ. ಭಾವನವರು ಏನೂ ಅನ್ನುವುದಿಲ್ಲ, ಸುಮ್ಮನೆ ಒಂದು ಸಲ ನೋಡುತ್ತಾರೆ. ಆ ನೋಟ ನೆನೆದೇ ನನಗೆ ಸಾಕಾಯಿತು. ಒಂದೊಂದು ಸೀರೆ ಎತ್ತಿದಾಗಲೂ ಮನೆಯ ಒಬ್ಬೊಬ್ಬರ ಮುಖ ಬಂದು ನಿಲ್ಲುತ್ತಿತ್ತು. ನನಗೆ ಯಾವುದು ಇಷ್ಟ ಅನ್ನುವುದೇ ಕೊನೆಗೆ ಗೊತ್ತಾಗದೆ ಹೋಯಿತು.

ಬಾಗಿಲಲ್ಲಿ ನಮ್ಮೂರಿನ ಹೆಂಗಸೊಬ್ಬಳು ಇಣುಕಿ, “ಬಸ್ ಹೊಂಡ್ತತೆ, ಬರ್ರಿ” ಅಂದಳು.

“ಮೊದ್ಲು ತೆಗೆದ್ರಲ್ಲ, ಅದ್ರಾಗೇ ನಾಕು ಕಟ್ರಿ,” ಅಂದೆ.

ಸುಳ್ಳು ಹೇಳಬಾರದು. ಹಾಗಂದ ಮೇಲೆ ಎದೆ ಹಗುರಾಯಿತು. ಯಾರಿಗೂ ಉತ್ತರ ಹೇಳಬೇಕಾಗಿಲ್ಲ ಅನ್ನುವ ನೆಮ್ಮದಿಯಲ್ಲಿ ಬಸ್ಸಿನಲ್ಲಿ ನಿದ್ದೆಯನ್ನೂ ಮಾಡಿದೆ. ಮತ್ತೋಡು ದಾಟಿದಾಗ ಎಚ್ಚರವಾಯಿತು. ಕೊನೆಯವಳ ನೆನಪು ಬಂದದ್ದು ಆಗ.

ಮನೆಯಲ್ಲಿ ಗಂಟು ಬಿಚ್ಚಿದೆ. ಭಾವನವರು ಮಲಗಿದ್ದಲ್ಲೇ ಸೀರೆ ಮುಟ್ಟಿ ನೋಡಿ, “ಒಳ್ಳೇದಾತು. ನಾನು ಹೋಗಿದ್ರೂ ಇದನ್ನೇ ತರ್ತಿದ್ದೆ” ಅಂದರು. ದೊಡ್ಡವಳು, ಮೂರನೆಯವಳು ತಮ್ಮ ಪಾಲು ಎತ್ತಿಕೊಂಡು ಹೋದರು. ಕೊನೆಯವಳು ತನ್ನದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಅಂಗಡೀಲಿ ಇರ್ಲಿಲ್ವಾ, ಅಕ್ಕ?”

ಇರಲಿಲ್ಲ ಅನ್ನಬಹುದಿತ್ತು, ಅವಳು ನಂಬುತ್ತಿದ್ದಳು. ನನಗೆ ಸುಸ್ತಾಗಿತ್ತು. “ಇತ್ತು,” ಅಂದೆ.

ಅವಳು ತಲೆ ಆಡಿಸಿ ಎದ್ದು ಹೋದಳು. ಕಾರ್ತಿಕದಲ್ಲಿ ತಂಗಿಯ ಮದುವೆಗೆ ಅದೇ ಸೀರೆ ಉಟ್ಟು ಚಿತ್ರದುರ್ಗದ ಬಸ್ಸು ಹತ್ತಿದಳು. ಬಂದ ಮೇಲೆ ಅಲ್ಲಿ ಏನಾಯಿತು ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನನ್ನ ಜೊತೆ ಮಾತು ಬಿಡಲಿಲ್ಲ, ಕೆಲಸದಲ್ಲಿ ಹೆಚ್ಚುಕಮ್ಮಿ ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಭಾವನವರ ಸೊಂಟ ಮೊದಲಿನಂತಾಗಲಿಲ್ಲ. ನನ್ನ ಮೇಲೆ ನಂಬಿಕೆ ಬಂದು ಪೇಟೆಯ ಕೆಲಸವೆಲ್ಲ ನನಗೇ ಬಂತು: ಹುಣಸೆ, ಮೆಣಸಿನಕಾಯಿ, ಯುಗಾದಿ ಬಟ್ಟೆ, ಹಗ್ಗ, ಚಪ್ಪಲಿ. ಹೊರುವುದೂ ನಾನೇ, ಬಿಡಿಸುವುದೂ ನಾನೇ. ಮುಂದಿನ ದೀಪಾವಳಿಯ ಹೊತ್ತಿಗೆ ನಾನು ಗಟ್ಟಿಯಾಗಿದ್ದೆ. ಯಾರು ಏನೇ ಅನ್ನಲಿ, ಈ ಸಲ ಕೇಳಿದ ಬಣ್ಣ ತರುವುದೇ ಅಂತ ತೀರ್ಮಾನಿಸಿ ಹೊರಡುವ ಹಿಂದಿನ ದಿನ ನಾನೇ ಕೊನೆಯವಳ ಹತ್ತಿರ ಹೋದೆ. ಅವಳು ಕಡಲೆಬೇಳೆ ಕೇರುತ್ತಿದ್ದಳು.

“ನಿಂಗೆ ಯಾವ ಬಣ್ಣದ್ದು ತರ್ಲಿ, ಹೇಳು. ಏನೇ ಆಗ್ಲಿ ತರ್ತೀನಿ.”

ಅವಳು ಮೊರದಿಂದ ಕಣ್ಣೆತ್ತಲಿಲ್ಲ. ದನಿಯಲ್ಲಿ ಸಿಟ್ಟು ಒಂಚೂರೂ ಇರಲಿಲ್ಲ.

“ಕೊಳೆ ಕಾಣ್ದೇ ಇರೋದು ತಗಂಬರ್ರಿ, ಅಕ್ಕ.”